ಬಾವಿ ಅಳೆಯುವ ತಂಡಕ್ಕೆ



ವಿದ್ಯಾರ್ಥಿಗಳು ತಂಡವಾಗಿ ನಡೆಸುವ ಸಂಶೋಧನೆಗೆ ಊರಿನ ಪ್ರಶ್ನೆಯೇ ತಕ್ಕದ್ದು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದವರ ಚಿಕ್ಕ ತಂಡಗಳಿಂದ ಬಯಸುವುದೂ ಅದನ್ನೇ: ಸುತ್ತಲಿನ ಒಂದು ಸಮಸ್ಯೆಯನ್ನು ತಾವೇ ನೋಡಿ, ಅಳೆದು, ಬರೆಯುವುದು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಅಂಥ ಪ್ರಶ್ನೆ ನೀರಿನದು. ಮಳೆ ಕಡಿಮೆ, ನೆಲದಡಿ ಬಸಾಲ್ಟ್ ಬಂಡೆ. ಬಂಡೆಯ ಬಿರುಕಿನಲ್ಲಿ, ಸವೆದು ಸಡಿಲಾದ ಪದರದಲ್ಲಿ ಮಾತ್ರ ನೀರು ನಿಲ್ಲುತ್ತದೆ. ಹೀಗಾಗಿ ಅಕ್ಕಪಕ್ಕದ ಎರಡು ಬಾವಿಗಳಲ್ಲಿ ಒಂದರಲ್ಲಿ ನೀರಿದ್ದು ಇನ್ನೊಂದು ಬತ್ತಿರುವುದುಂಟು.

‘ತಾಲೂಕಿನ ನೀರಿನ ಸಮಸ್ಯೆ’ ಶಾಲಾ ತಂಡದ ಕೈಗೆ ಸಿಗುವ ವಿಷಯವಲ್ಲ. ಒಂದು ಊರಿನ ಕೆಲವು ಬಾವಿಗಳ ಮಟ್ಟ ವರ್ಷದಲ್ಲಿ ಎಷ್ಟು ಏರಿಳಿಯುತ್ತದೆ ಎಂಬುದು ಸಿಗುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯೂ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಬಾವಿಯ ಕಟ್ಟೆಯ ಮೇಲೆ ಬಣ್ಣದಿಂದ ಗುರುತು ಮಾಡಿ ಪ್ರತಿ ಸಲವೂ ಅಲ್ಲಿಂದಲೇ ಟೇಪು ಇಳಿಸಬೇಕು. ಅದೂ ಬೆಳಿಗ್ಗೆ, ಮೋಟರು ಚಾಲೂ ಆಗುವ ಮುಂಚೆ. ಒಬ್ಬ ಕಟ್ಟೆಯಿಂದ, ಇನ್ನೊಬ್ಬಳು ನೆಲದಿಂದ ಅಳೆದರೆ ಆ ಅಂಕಿಗಳನ್ನು ಹೋಲಿಸಲಾಗದು.

ಕಾರಣ ಹೇಳುವಾಗಲೇ ತಂಡಗಳು ಹೆಚ್ಚಾಗಿ ಎಡವುವುದು. ಮಟ್ಟ ಏರಿದರೆ ಮಳೆಯೇ ಕಾರಣ ಎಂದು ಬರೆದುಬಿಡುವುದು ಸುಲಭ. ಆದರೆ ಮ್ಹೈಸಾಳ ಏತ ನೀರಾವರಿ ಯೋಜನೆ ಕೃಷ್ಣೆಯ ನೀರನ್ನು ಈ ಕಡೆಗೆ ಎತ್ತಿ ತರುತ್ತದೆ. 2022ರ ಕೊನೆಗೆ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರೂ ಗಡಿ ದಾಟಿ ಜತ್ತ ತಾಲೂಕಿನ ತಿಕ್ಕುಂಡಿ ಕಡೆ ಹರಿಯಿತು. ಈ ನೀರಿನಿಂದ ಕೆರೆ ತುಂಬಿದರೆ ಕೆಳಗಿನ ಬಾವಿಗಳಿಗೆ ಒಸರು ಬರುತ್ತದೆ. ಆದ್ದರಿಂದ ಕಾಲುವೆ, ಕೆರೆಗಳ ನೀರು ಮುಟ್ಟದ ಒಂದೆರಡು ಬಾವಿಗಳನ್ನೂ ಅಳೆಯದೆ ಮಳೆಯ ಪಾಲು ಎಷ್ಟೆಂದು ಹೇಳಲಾಗದು.

ತಾಲೂಕಿನ ಉಮದಿ, ಸಂಖದಂಥ ಊರುಗಳಲ್ಲಿ ಮನೆಮಾತು ಕನ್ನಡ, ಜಮೀನಿನ ದಾಖಲೆಯಾದ ಸಾತಬಾರಾ ಉತಾರ ಮರಾಠಿಯಲ್ಲಿ. ಆದ್ದರಿಂದ ಬಾವಿಯವರಿಗೆ ಕೇಳುವ ಪ್ರಶ್ನಾವಳಿ ಎರಡೂ ಭಾಷೆಗಳಲ್ಲಿ ಇರಬೇಕು, ಎಲ್ಲರೂ ಒಂದೇ ರೀತಿ ಕೇಳಬೇಕು. ಹಿರಿಯ ರೈತರು ಆಳವನ್ನು ಮೊಳದಲ್ಲೋ ಫೂಟಿನಲ್ಲೋ ಹೇಳಿದರೆ ಹೇಳಿದಂತೆಯೇ ಬರೆದು, ಮೀಟರನ್ನು ಪಕ್ಕದಲ್ಲಿ ಹಾಕಬೇಕು.

ತಂಡದ ಬೆಲೆ ತಿಳಿಯುವುದು ಅಭಿಪ್ರಾಯ ಬೇರೆಯಾದಾಗ. ಇಬ್ಬರ ಅಂಕಿ ಕೂಡದಿದ್ದರೆ ಸರಾಸರಿ ತೆಗೆದು ಮುಚ್ಚಬಾರದು. ಎರಡನ್ನೂ ದಾಖಲಿಸಿ ಮತ್ತೆ ಅಳೆಯಬೇಕು. ಹೋಗದ ದಿನದ ಅಂಕಣ ಖಾಲಿಯೇ ಇರಲಿ. ಅಕ್ಷರ ಚೆಂದವಿದ್ದವಳ ತಲೆಗೇ ಬರೆಯುವ ಕೆಲಸವೆಲ್ಲ, ದನಿ ಜೋರಿದ್ದವನಿಗೆ ವೇದಿಕೆ: ಇದು ಎಲ್ಲ ಶಾಲೆಗಳ ಹಳೆಯ ಚಾಳಿ. ಸರದಿ ಹಚ್ಚಿದರೆ ಪ್ರತಿಯೊಬ್ಬರೂ ಅಳೆಯಲೂ ಬರೆಯಲೂ ಕಲಿಯುತ್ತಾರೆ. ತೀರ್ಮಾನವನ್ನು ಗುರುಗಳು ಬರೆದುಕೊಟ್ಟರೆ ಬಹುಮಾನ ಬಂದೀತು, ಸಂಶೋಧನೆ ಆಗಲಿಲ್ಲ.

ವರದಿಯ ಪ್ರತಿ ಬಾವಿಯವರಿಗೂ ಗ್ರಾಮ ಪಂಚಾಯಿತಿಗೂ ಮುಟ್ಟಬೇಕು. ಮೂಲ ನೋಂದಣಿ ವಹಿ ಶಾಲೆಯಲ್ಲೇ ಉಳಿದರೆ ಮುಂದಿನ ವರ್ಷದ ತಂಡ ಅದೇ ಗುರುತಿನಿಂದ ಅಳತೆ ಮುಂದುವರಿಸಬಹುದು.