ಹಳೆಯ ಕೀಲಿಮಣೆ, ಹೊಸ ಗಣಕಯಂತ್ರ

ಪಾಠದ ಹಿನ್ನೆಲೆ

ಗಡಿಯಾಚೆಯ ಕನ್ನಡ ಶಾಲೆಗಳ ಗಣಕಯಂತ್ರ ಕೊಠಡಿಯಲ್ಲಿ ಕನ್ನಡ ಅಕ್ಷರಗಳು ಅಚ್ಚಾದ ಕೀಲಿಮಣೆ ಕಾಣಸಿಗುವುದು ಅಪರೂಪ. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳಿರುತ್ತವೆ. ಅವುಗಳ ಪಕ್ಕದಲ್ಲಿ ಚೀಟಿ ಅಂಟಿಸಿದ್ದರೆ ಅದು ಆಯಾ ರಾಜ್ಯಭಾಷೆಯದಾಗಿರುತ್ತದೆ. ಇದನ್ನು ಕಂಡ ಮಕ್ಕಳು ‘ಈ ಯಂತ್ರಕ್ಕೆ ಕನ್ನಡ ಬರುವುದಿಲ್ಲ’ ಎಂದು ತೀರ್ಮಾನಿಸಿಬಿಡುವುದುಂಟು. ಕೆಲವೊಮ್ಮೆ ಶಿಕ್ಷಕರೂ ಹಾಗೆಯೇ ನಂಬಿರುತ್ತಾರೆ. ಈ ನಂಬಿಕೆಯನ್ನು ಬಿಡಿಸಲು, ಉಗ್ರಾಣದಲ್ಲಿ ಧೂಳು ಹಿಡಿದಿರುವ ಹಳೆಯ ಕೀಲಿಮಣೆಯೊಂದು ಒಳ್ಳೆಯ ಬೋಧನೋಪಕರಣವಾಗಬಲ್ಲದು. ಅದನ್ನು ಇಂದಿನ ಗಣಕಯಂತ್ರಕ್ಕೆ ಹೊಂದಿಸುವ ಕೆಲಸದಲ್ಲಿ ತೊಡಗಿದವರಿಗೆ, ಕೀಲಿಗೂ ಅಕ್ಷರಕ್ಕೂ ಇರುವ ಸಂಬಂಧವೇನೆಂಬುದು ತಾನಾಗಿಯೇ ತೆರೆದುಕೊಳ್ಳುತ್ತದೆ.

ಯಾವ ಕೀಲಿಮಣೆಗಳು?

ಪ್ರತಿ ಕೀಲಿಯ ಕೆಳಗೂ ಪ್ರತ್ಯೇಕ ಸ್ಪ್ರಿಂಗು ಮತ್ತು ಗುಂಡಿ ಇರುವ ಕೀಲಿಮಣೆಗಳನ್ನು ಯಾಂತ್ರಿಕ ಕೀಲಿಮಣೆಗಳೆನ್ನುತ್ತಾರೆ. ಇಂದು ಅಗ್ಗವಾಗಿ ದೊರೆಯುವವುಗಳಲ್ಲಿ ಇಡೀ ಮಣೆಗೆ ಒಂದೇ ರಬ್ಬರ್ ಹಾಳೆ ಇರುತ್ತದೆ. ಅದು ಸವೆದರೆ ದುರಸ್ತಿಯ ಮಾತೇ ಇಲ್ಲ. ಹಳೆಯ ಯಾಂತ್ರಿಕ ಕೀಲಿಮಣೆಗಳಲ್ಲಿ ಹೆಸರಾದದ್ದು ಐಬಿಎಂ ಕಂಪನಿಯ ‘ಮಾಡೆಲ್ ಎಂ’. 1980ರ ದಶಕದ ಮಧ್ಯದಲ್ಲಿ ಬಳಕೆಗೆ ಬಂದ ಇದನ್ನು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದಲ್ಲಿ ತಯಾರಿಸಲಾಗುತ್ತಿತ್ತು. ಕೀಲಿಯನ್ನು ಒತ್ತಿದಾಗ ಒಳಗಿನ ಸ್ಪ್ರಿಂಗು ಒಂದು ಹಂತದವರೆಗೆ ತಾಳಿಕೊಂಡು, ಥಟ್ಟನೆ ಮಗ್ಗುಲಿಗೆ ಬಾಗುತ್ತದೆ. ಸದ್ದು ಹುಟ್ಟುವುದೂ, ಒತ್ತಿದ ಸುದ್ದಿ ಒಳಗಿನ ಪದರಕ್ಕೆ ಮುಟ್ಟುವುದೂ ಆ ಕ್ಷಣದಲ್ಲಿಯೇ. ಬೆರಳಿಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ.

ಭಾರತದಲ್ಲಿ ಐಬಿಎಂನ ಈ ಮಣೆ ಸುಲಭವಾಗಿ ಸಿಗದು. ನಮ್ಮ ಕಡೆಯ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಟಕಟಕ ಸದ್ದು ಮಾಡುತ್ತಿದ್ದ ಟಿವಿಎಸ್ ಗೋಲ್ಡ್ ಕೀಲಿಮಣೆಯನ್ನು ಮಾತ್ರ ಅನೇಕ ಶಿಕ್ಷಕರು ಬಲ್ಲರು. ಜರ್ಮನಿಯ ಚೆರಿ ಕಂಪನಿಯ ಗುಂಡಿಗಳನ್ನು ಹೊಂದಿದ ಇದರ ಹಳೆಯ ಮಾದರಿಗಳಿಗೆ ದುಂಡನೆಯ ಪಿಎಸ್/2 ಪ್ಲಗ್ಗು ಇದೆ. ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ತಕ್ಕ ಕಿಂಡಿಯಿಲ್ಲ. ಕೆಟ್ಟಿಲ್ಲದಿದ್ದರೂ ಅದು ಗುಜರಿಗೆ ಹೋಗುವುದು ಇದೊಂದೇ ಕಾರಣಕ್ಕೆ.

ಕೀಲಿ ಏನನ್ನು ಕಳುಹಿಸುತ್ತದೆ?

‘ಕೆ’ ಎಂದು ಅಚ್ಚಾದ ಕೀಲಿಯನ್ನು ಒತ್ತಿದರೆ ಗಣಕಯಂತ್ರಕ್ಕೆ ‘ಕೆ’ ಅಕ್ಷರ ಹೋಗುತ್ತದೆ ಎಂಬುದು ಸಹಜವಾದ ಊಹೆ. ವಾಸ್ತವದಲ್ಲಿ ಹೋಗುವುದು ಆ ಕೀಲಿ ಕುಳಿತಿರುವ ಜಾಗದ ಸಂಖ್ಯೆ. ಈ ಸಂಖ್ಯೆಯೂ ಕಾಲಕ್ಕೊಂದು ರೀತಿ ಇತ್ತೆಂಬುದು ಇಲ್ಲಿ ಮುಖ್ಯ.

1981ರಲ್ಲಿ ಬಂದ ಐಬಿಎಂ ಪಿಸಿಯ ಮತ್ತು ಅದರ ನಂತರದ ಎಕ್ಸ್‌ಟಿಯ 83 ಕೀಲಿಗಳ ಮಣೆಯಲ್ಲಿ ‘ಕೆ’ ಜಾಗದ ಸಂಖ್ಯೆ 37. ಕೀಲಿಯನ್ನು ಬಿಟ್ಟಾಗ ಇದಕ್ಕೆ 128 ಕೂಡಿಸಿ 165 ಎಂದು ಕಳುಹಿಸಲಾಗುತ್ತಿತ್ತು. 1984ರ ಎಟಿ ಮಾದರಿಯಲ್ಲಿ ಲೆಕ್ಕವೇ ಬದಲಾಯಿತು: ಒತ್ತಿದಾಗ 66, ಬಿಟ್ಟಾಗ ಮೊದಲು 240, ಬಳಿಕ ಪುನಃ 66. 1987ರ ಪಿಎಸ್/2 ಗಣಕಯಂತ್ರದಲ್ಲಿ ಪ್ಲಗ್ಗು ಚಿಕ್ಕದಾಯಿತಾದರೂ ಭಾಷೆ ಎಟಿಯದೇ ಉಳಿಯಿತು. 1996ರಲ್ಲಿ ಆರಂಭವಾದ ಯುಎಸ್‌ಬಿಯಲ್ಲಿ ಅದೇ ಜಾಗದ ಸಂಖ್ಯೆ 14.

ಸಂಖ್ಯೆಗಳಷ್ಟೇ ಅಲ್ಲದೆ ಮಾತಾಡುವ ಕ್ರಮವೂ ಬೇರೆ. ಇದನ್ನು ತರಗತಿಯ ಹಾಜರಿಯ ಮೂಲಕ ವಿವರಿಸಬಹುದು. ಹಳೆಯ ಕೀಲಿಮಣೆಯು ಒಳಗೆ ಬಂದಾಗಲೂ ಹೊರಗೆ ಹೋಗುವಾಗಲೂ ತಾನೇ ಕೂಗಿ ಹೇಳುವ ವಿದ್ಯಾರ್ಥಿಯಂತೆ. ಯುಎಸ್‌ಬಿಯಲ್ಲಿ ಕೂಗಲು ಅನುಮತಿಯಿಲ್ಲ. ಗಣಕಯಂತ್ರವೇ ಸೆಕೆಂಡಿಗೆ ಸುಮಾರು ನೂರು ಬಾರಿ ಅಥವಾ ಇನ್ನೂ ಹೆಚ್ಚು ಬಾರಿ ಹಾಜರಿ ಕರೆಯುತ್ತದೆ, ಆ ಹೊತ್ತಿನಲ್ಲಿ ಒತ್ತಿರುವ ಕೀಲಿಗಳ ಪಟ್ಟಿಯನ್ನು ಕೀಲಿಮಣೆ ಒಪ್ಪಿಸುತ್ತದೆ.

ಆದುದರಿಂದ ಹಳೆಯ ಮಣೆಯ ತುದಿಗೆ ಹೊಸ ಪ್ಲಗ್ಗನ್ನು ಬೆಸೆದ ಮಾತ್ರಕ್ಕೆ ಕೆಲಸವಾಗದು. ಅಂಗಡಿಗಳಲ್ಲಿ ಮೂವತ್ತು-ನಲವತ್ತು ರೂಪಾಯಿಗೆ ಸಿಗುವ ಪುಟ್ಟ ಜೋಡಣೆಯನ್ನು ಕೊಂಡು ಮೋಸಹೋಗುವುದು ಈ ಹಂತದಲ್ಲಿಯೇ. ಅದರೊಳಗೆ ತಂತಿಯ ಹೊರತು ಬೇರೇನೂ ಇಲ್ಲ. ಎರಡೂ ಭಾಷೆಗಳನ್ನು ಬಲ್ಲ ಕೆಲವು ಕೀಲಿಮಣೆಗಳೊಂದಿಗೆ ಮಾತ್ರ ಅದು ನಡೆಯುತ್ತದೆ. ಹಳೆಯ ಮಣೆಗೆ ಬೇಕಾದದ್ದು ಒಳಗೆ ಚಿಪ್ ಇರುವ, ಒಂದು ಭಾಷೆಯನ್ನು ಕೇಳಿ ಇನ್ನೊಂದರಲ್ಲಿ ಹೇಳುವ ಪರಿವರ್ತಕ. ಗಡಿನಾಡಿನ ಶಿಕ್ಷಕರಿಗೆ ದುಭಾಷಿಯ ಕೆಲಸ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೊಂದಿಸುವ ಬಗೆ

ಪಿಎಸ್/2 ಪ್ಲಗ್ಗಿನ ಮಣೆಗೆ ಸಿದ್ಧ ಪರಿವರ್ತಕವನ್ನು ಕೊಳ್ಳುವುದೇ ಸರಳ ಮಾರ್ಗ. ಹಳೆಯ ಮಣೆಗಳು ಇಂದಿನವುಗಳಿಗಿಂತ ಹೆಚ್ಚು ವಿದ್ಯುತ್ತನ್ನು ಬೇಡುವುದರಿಂದ, ತೀರ ಅಗ್ಗದ ಪರಿವರ್ತಕದಲ್ಲಿ ಕೀಲಿಗಳು ಆಗಾಗ ತಪ್ಪಿಹೋಗಬಹುದು. ಗಣಕಯಂತ್ರದಲ್ಲಿ ಪಿಎಸ್/2 ಕಿಂಡಿಯೇ ಇದ್ದರೆ, ಯಂತ್ರವನ್ನು ಆರಿಸಿದ ಮೇಲಷ್ಟೇ ಪ್ಲಗ್ಗನ್ನು ಹಾಕಬೇಕು ಮತ್ತು ತೆಗೆಯಬೇಕು. ಯುಎಸ್‌ಬಿಯಂತೆ ನಡುವೆ ಚುಚ್ಚಿ ಕೀಳಲು ಅದನ್ನು ರೂಪಿಸಿಲ್ಲ.

ದಪ್ಪನೆಯ ಐದು ಪಿನ್ನಿನ ಪ್ಲಗ್ಗು ಇದ್ದರೆ ಹೆಚ್ಚು ಎಚ್ಚರ ಬೇಕು. ಎಕ್ಸ್‌ಟಿ ಮತ್ತು ಎಟಿ ಎರಡಕ್ಕೂ ಒಂದೇ ಬಗೆಯ ಪ್ಲಗ್ಗು ಇದೆ. ಕಿಂಡಿಯಲ್ಲಿ ಕೂರುತ್ತದೆ, ಆದರೆ ಮಾತು ಅರ್ಥವಾಗುವುದಿಲ್ಲ. ಕೆಲವು ಮಣೆಗಳ ಅಡಿಭಾಗದಲ್ಲಿ ಎಕ್ಸ್‌ಟಿ, ಎಟಿ ಎಂದು ಬದಲಿಸುವ ಸಣ್ಣ ಗುಂಡಿ ಇರುತ್ತದೆ. ತಿರುಗಿಸಿ ನೋಡುವುದನ್ನು ಮರೆಯಬಾರದು. ಎಟಿ ಮಣೆಯಾದರೆ ಐದು ಪಿನ್ನನ್ನು ಪಿಎಸ್/2ಕ್ಕೆ ಒಗ್ಗಿಸುವ ಬರಿಯ ಜೋಡಣೆ ಸಾಕು, ಅಲ್ಲಿಂದ ಮುಂದೆ ಮೇಲೆ ಹೇಳಿದ ಪರಿವರ್ತಕ.

ಎಕ್ಸ್‌ಟಿ ಮಣೆಗೆ ಪರಿವರ್ತಕವನ್ನು ತಾವೇ ಕಟ್ಟಿಕೊಳ್ಳುವುದು ಉತ್ತಮ, ಮತ್ತು ಪ್ರೌಢಶಾಲೆಯ ವಿಜ್ಞಾನ ಸಂಘಕ್ಕೆ ಇದು ಹೇಳಿ ಮಾಡಿಸಿದ ಕೆಲಸ. ಎಟಿಮೆಗಾ 32ಯು4 ಎಂಬ ಚಿಪ್ ಇರುವ, 5 ವೋಲ್ಟಿನ ಪುಟ್ಟ ಮೈಕ್ರೋಕಂಟ್ರೋಲರ್ ಫಲಕವೊಂದು ಬೇಕು. ಐದು ಪಿನ್ನಿನ ಪ್ಲಗ್ಗಿನಲ್ಲಿ ಒಂದನೆಯದು ಗಡಿಯಾರದ ಮಿಡಿತ, ಎರಡನೆಯದು ಮಾಹಿತಿ, ನಾಲ್ಕನೆಯದು ಗ್ರೌಂಡ್, ಐದನೆಯದು 5 ವೋಲ್ಟ್. ಈ ನಾಲ್ಕು ತಂತಿಗಳನ್ನು ಫಲಕಕ್ಕೆ ಸೇರಿಸಿ, ಟಿಎಂಕೆ ಅಥವಾ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶವನ್ನು ಅದರಲ್ಲಿ ತುಂಬಿದರೆ, 37 ಎಂದು ಬಂದದ್ದು 14 ಆಗಿ ಹೊರಡುತ್ತದೆ. ತಂತಿಯ ಬಣ್ಣವನ್ನು ನಂಬಬಾರದು. ತಯಾರಕರು ತಮಗೆ ತೋಚಿದ ಬಣ್ಣ ಹಾಕಿರುತ್ತಾರೆ. ಮಲ್ಟಿಮೀಟರಿನಿಂದ ಪಿನ್ನು-ತಂತಿಗಳನ್ನು ತಾಳೆ ನೋಡಿಯೇ ಬೆಸೆಯಬೇಕು. ರಾಸ್ಪ್‌ಬೆರಿ ಪೈ ಪೀಕೋದಂತಹ 3.3 ವೋಲ್ಟಿನ ಫಲಕಕ್ಕೆ ಹಳೆಯ ಮಣೆಯ 5 ವೋಲ್ಟನ್ನು ನೇರವಾಗಿ ಕೊಟ್ಟರೆ ಅದು ಕೆಡುವ ಸಂಭವವಿದೆ.

ಇನ್ನು ಕೆಲವು ಕೀಲಿಮಣೆಗಳಿಗೆ ಸ್ವಂತ ಮಾತೇ ಇಲ್ಲ. 1982ರ ಕಾಮಡೋರ್ 64 ಎಂಬ ಮನೆಬಳಕೆಯ ಗಣಕಯಂತ್ರದಲ್ಲಿ ಕೀಲಿಗಳು ಎಂಟು ಅಡ್ಡಸಾಲು, ಎಂಟು ಕಂಬಸಾಲುಗಳ ಜಾಲವಷ್ಟೇ. ಗಣಕಯಂತ್ರವೇ ಒಂದೊಂದು ಸಾಲನ್ನು ತಟ್ಟಿ, ಯಾವ ಕಂಬಸಾಲಿನಿಂದ ಉತ್ತರ ಬರುತ್ತದೆಂದು ನೋಡುತ್ತಿತ್ತು. ಹದಿನಾರು ತಂತಿಗಳಿಂದ 64 ಕೀಲಿಗಳನ್ನು ಗುರುತಿಸುವ ಈ ಉಪಾಯವನ್ನು ಗಣಿತದ ತರಗತಿಯಲ್ಲಿಯೂ ಬಳಸಿಕೊಳ್ಳಬಹುದು. ಜಾಲಕ್ಕೊಂದು ದೋಷವಿದೆ. ಕಪ್ಪುಹಲಗೆಯ ಮೇಲೆ ಜಾಲವನ್ನು ಬರೆದು, ಒಂದು ಆಯತದ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದಂತೆ ಗುರುತಿಸಿ, ವಿದ್ಯುತ್ತಿನ ದಾರಿಯನ್ನು ಮಕ್ಕಳಿಂದ ಬೆರಳಿನಲ್ಲಿ ಎಳೆಯಿಸಬೇಕು. ಒತ್ತದೇ ಇರುವ ನಾಲ್ಕನೆಯ ಕೀಲಿಯೂ ಒತ್ತಿದಂತೆ ಕಾಣುವುದು ಅವರಿಗೇ ಗೊತ್ತಾಗುತ್ತದೆ. ಪ್ರತಿ ಕೀಲಿಗೂ ಒಂದು ಡಯೋಡ್ ಇಟ್ಟು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಟ್ಟರೆ ಈ ಭ್ರಮೆ ನಿಲ್ಲುತ್ತದೆ.

ಶುಚಿ ಮಾಡುವಾಗ ಕೀಲಿಗಳ ಮುಚ್ಚಳಗಳನ್ನು ಮಾತ್ರ ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ತೊಳೆಯಬಹುದು. ಕೀಳುವುದಕ್ಕೆ ಮೊದಲು ಒಂದು ಛಾಯಾಚಿತ್ರ ತೆಗೆದಿಡುವುದು ಜಾಣತನ.

ಕನ್ನಡ ಎಲ್ಲಿಂದ ಬರುತ್ತದೆ?

ಈಗ ಹಳೆಯ ಮಣೆಯಿಂದ 14 ಎಂಬ ಸಂಖ್ಯೆ ಗಣಕಯಂತ್ರವನ್ನು ತಲುಪಿದೆ. ಅದು ಇಂಗ್ಲಿಷಿನ ‘ಕೆ’ ಆಗಬೇಕೋ ಕನ್ನಡದ ‘ಕ’ ಆಗಬೇಕೋ ಎಂಬುದನ್ನು ತೀರ್ಮಾನಿಸುವುದು ಗಣಕಯಂತ್ರದಲ್ಲಿ ಆಯ್ದುಕೊಂಡ ಕೀಲಿವಿನ್ಯಾಸ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಸಿಗುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಕ್ರಮವಾಗಿ ಕೆ, ವಿ, ಡಿ, ವಿ ಕೀಲಿಗಳನ್ನೂ ಕೊನೆಗೆ ‘ಪಿ’ಯ ಬಲಕ್ಕಿರುವ ಕೀಲಿಯನ್ನೂ ಒತ್ತಬೇಕು. ಅವು ಕ, ನ, ್, ನ, ಡ ಆಗುತ್ತವೆ. ಯೂನಿಕೋಡ್ ಸಂಕೇತದಲ್ಲಿ ಇವುಗಳ ದಶಮಾನ ಬೆಲೆ 3221, 3240, 3277, 3240, 3233. ಕೆಂಟಕಿಯಲ್ಲಿ ತಯಾರಾದ, ಕನ್ನಡವೆಂಬ ಹೆಸರನ್ನೇ ಕೇಳಿರದ ಮಣೆಯೂ ಈ ಪದವನ್ನು ತಪ್ಪಿಲ್ಲದೆ ಬರೆಯುತ್ತದೆ.

ಇನ್‌ಸ್ಕ್ರಿಪ್ಟ್ ವಿನ್ಯಾಸವು 1991ರ ಭಾರತೀಯ ಮಾನಕ ಐಎಸ್ 13194ರಲ್ಲಿ ಸೇರಿದೆ. ಅದರಲ್ಲಿ ಕನ್ನಡದ ಕ, ಮಲಯಾಳದ ക, ತೆಲುಗಿನ క, ಮರಾಠಿಯ क ಎಲ್ಲವೂ ಒಂದೇ ಕೀಲಿಯಲ್ಲಿವೆ. ಕಾಸರಗೋಡಿನ ವಿದ್ಯಾರ್ಥಿಯು ಮಲಯಾಳವನ್ನು ಈ ವಿನ್ಯಾಸದಲ್ಲಿ ಕಲಿತಿದ್ದರೆ ಕನ್ನಡವನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ. ಮಲಯಾಳದ ಚೀಟಿ ಅಂಟಿಸಿದ ಮಣೆ ಕನ್ನಡಕ್ಕೂ ದಾರಿ ತೋರುತ್ತದೆ. ಆದೋನಿ, ಅಕ್ಕಲಕೋಟೆಗಳ ಮಕ್ಕಳಿಗೂ ಈ ಅನುಕೂಲವುಂಟು. ಹೊಸೂರು, ತಾಳವಾಡಿಗಳಲ್ಲಿ ಪರಿಸ್ಥಿತಿ ಬೇರೆ: ತಮಿಳುನಾಡಿನ ಮಾನಕವಾದ ತಮಿಳ್99 ವಿನ್ಯಾಸದಲ್ಲಿ க ಇರುವುದು ‘ಎಚ್’ ಕೀಲಿಯಲ್ಲಿ. ಅಲ್ಲಿನ ಮಕ್ಕಳು ಎರಡು ವಿನ್ಯಾಸಗಳನ್ನು ಕಲಿಯಲೇಬೇಕಾಗುತ್ತದೆ. ಅವರಿಗೆ ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಪರಿಚಿತವಾದ ವಿನ್ಯಾಸವು ಸುಲಭವೆನಿಸಬಹುದು. ಅದರಲ್ಲಿ ‘ಎನ್’ ಕೀಲಿಗೆ ನ, ‘ಎಂ’ ಕೀಲಿಗೆ ಮ ಎಂಬಂತೆ ಉಚ್ಚಾರಣೆಯೇ ಆಧಾರ. ಒಂದು ಶಾಲೆಯಲ್ಲಿ ಯಾವುದಾದರೂ ಒಂದನ್ನೇ ಹಿಡಿಯುವುದು ಒಳಿತು. ವರ್ಷಕ್ಕೊಂದು ಬದಲಿಸಿದರೆ ಬೆರಳಿಗೆ ಅಭ್ಯಾಸ ಕೂರುವುದಿಲ್ಲ.

ಹಳೆಯ 101 ಕೀಲಿಗಳ ಮಣೆಯಲ್ಲಿ ವಿಂಡೋಸ್ ಕೀಲಿ ಇರುವುದಿಲ್ಲ. ಭಾಷೆ ಬದಲಿಸಲು ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಬಹುದು. ಪರಿವರ್ತಕವನ್ನು ಶಾಲೆಯಲ್ಲಿಯೇ ಕಟ್ಟಿದ್ದರೆ, ಕನ್ನಡಕ್ಕೆ ಅಷ್ಟೇನೂ ಬೇಡದ ಕ್ಯಾಪ್ಸ್ ಲಾಕ್ ಕೀಲಿಗೆ ಆ ಕೆಲಸವನ್ನು ಒಪ್ಪಿಸಬಹುದು.

ತರಗತಿ ಚಟುವಟಿಕೆ

ಕೀಲಿಗಳ ಮೇಲೆ ಕಾಗದ ಅಂಟಿಸಿ ಎಲ್ಲ ಅಕ್ಷರಗಳನ್ನೂ ಮುಚ್ಚಬೇಕು. ವಿದ್ಯಾರ್ಥಿಗಳು ಇಬ್ಬಿಬ್ಬರಂತೆ ಕುಳಿತು, ಒಬ್ಬರು ಪದವನ್ನು ಬಿಡಿ ಅಕ್ಷರಗಳಾಗಿ ಹೇಳಬೇಕು, ಇನ್ನೊಬ್ಬರು ಕೀಲಿಯ ಜಾಗವನ್ನು ಹುಡುಕಿ ಒತ್ತಬೇಕು. ‘ಅಮ್ಮ’ದಿಂದ ತೊಡಗಿ ‘ರಾಷ್ಟ್ರ’ದವರೆಗೆ ಒತ್ತಕ್ಷರಗಳು ಹೆಚ್ಚುತ್ತ ಹೋಗಲಿ. ‘ರಾಷ್ಟ್ರ’ಕ್ಕೆ ಎಷ್ಟು ಕೀಲಿಗಳು ಬೇಕು, ಅವುಗಳಲ್ಲಿ ‘್’ ಎಷ್ಟು ಸಲ ಬರುತ್ತದೆ ಎಂದು ಮೊದಲೇ ಊಹಿಸಿ ಪಟ್ಟಿ ಬರೆಯಿಸಬೇಕು. ನಂತರ ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ, ವಿನ್ಯಾಸವನ್ನು ರಾಜ್ಯಭಾಷೆಗೆ ಬದಲಿಸಿ ಒತ್ತಿಸಿ, ಪರದೆಯಲ್ಲಿ ಮೂಡಿದ್ದನ್ನು ಇಡೀ ತರಗತಿ ಗಟ್ಟಿಯಾಗಿ ಓದಲಿ.