ಇಂದಿನ ಧಮ್ಮ ಚಿಂತನೆ: ಖಾಲಿ ಕೊಡ ಕಂಡವರೇ ತುಂಬಲಿ



ಬುದ್ಧರ ಕಾಲದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಖುಗಳು ಗೋಸಿಂಗ ಸಾಲವನದಲ್ಲಿ ಒಟ್ಟಿಗಿದ್ದರು. ಇಷ್ಟು ಒಗ್ಗಟ್ಟಾಗಿ ಹೇಗಿದ್ದೀರಿ ಎಂದು ಭಗವಾನರು ಕೇಳಿದಾಗ ಅನುರುದ್ಧರು ತಮ್ಮ ದಿನನಿತ್ಯದ ಕೆಲಸಗಳನ್ನೂ ಹೇಳಿದರು. ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಸಿ ನೀರಿಡುವುದು, ಕೊನೆಗೆ ಬಂದವರು ಊಟದ ಜಾಗ ಗುಡಿಸುವುದು. ಕೊಡ ಖಾಲಿಯಾದದ್ದು ಕಂಡವರೇ ತುಂಬುವುದು; ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆಯುವುದು. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧಮ್ಮ ಚರ್ಚಿಸುವುದು. ಅನುರುದ್ಧರು ಶಾಕ್ಯ ಮನೆತನದವರು. ಆದರೂ ಕೊಡ ಹೊರಲು ಹಿಂಜರಿಯಲಿಲ್ಲ.

ನಮ್ಮ ವಿಹಾರದಲ್ಲಿ ಮೈಕು ಅಧ್ಯಕ್ಷರಿಗೆ, ಪೊರಕೆ ಅಕ್ಕಂದಿರಿಗೆ ಎಂದಾದರೆ, ನಾವು ಬಿಟ್ಟುಬಂದ ಮೇಲು-ಕೀಳು ಹಿಂಬಾಗಿಲಿನಿಂದ ಒಳಬಂದಂತೆಯೇ.

ಈ ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ಮೊದಲ ಚಾಪೆಯನ್ನು ಮುಖಂಡರೇ ಮಡಚಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.