ಫಂಡ್ ಹಲವು, ಷೇರು ಒಂದೇ

ಉಳಿತಾಯದ ಹಣವನ್ನು ನಾಲ್ಕಾರು ಮ್ಯೂಚುಯಲ್ ಫಂಡ್‌ಗಳಲ್ಲಿ ತೊಡಗಿಸಿದೊಡನೆ ನಷ್ಟದ ಸಂಭವವೂ ಹಂಚಿಹೋಯಿತೆಂದು ಭಾವಿಸಲಾಗದು. ಫಂಡ್‌ಗಳ ಹೆಸರು ಬೇರೆಯಾದರೂ ಅವು ಕೊಂಡಿರುವ ಷೇರುಗಳು ಬಹುಮಟ್ಟಿಗೆ ಒಂದೇ ಆಗಿರಬಹುದು.

ಇದಕ್ಕೆ ಕಾರಣವುಂಟು. 2017ರ ಅಕ್ಟೋಬರ್‌ನಲ್ಲಿ ಸೆಬಿ ಹೊರಡಿಸಿದ ಸುತ್ತೋಲೆಯು, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಸ್ಥಾನಗಳಲ್ಲಿರುವ ಕಂಪನಿಗಳನ್ನು ‘ಲಾರ್ಜ್ ಕ್ಯಾಪ್’ ಎಂದು ಗುರುತಿಸಿ, ಆ ವರ್ಗದ ಫಂಡ್‌ಗಳು ಕನಿಷ್ಠ ಶೇ. 80ರಷ್ಟನ್ನು ಅವುಗಳಲ್ಲೇ ತೊಡಗಿಸಬೇಕೆಂದು ವಿಧಿಸಿತು. ಆದ್ದರಿಂದ ಇಂತಹ ಮೂರು ಫಂಡ್‌ಗಳನ್ನು ಕೊಂಡವರಿಗೆ ಲೆಕ್ಕಪತ್ರ ಮೂರಾಗುತ್ತದೆಯೇ ಹೊರತು ವೈವಿಧ್ಯ ಅಷ್ಟಾಗಿ ಹೆಚ್ಚುವುದಿಲ್ಲ.

ಪುನರಾವರ್ತನೆಯನ್ನು ಅಳೆಯುವುದು ಸುಲಭ. ಫಂಡ್‌ಗಳು ಪ್ರತಿ ತಿಂಗಳೂ ಹೂಡಿಕೆಯ ಪಟ್ಟಿಯನ್ನು ಪ್ರಕಟಿಸುತ್ತವೆ. ಎರಡೂ ಪಟ್ಟಿಗಳಲ್ಲಿರುವ ಪ್ರತಿ ಕಂಪನಿಯ ಎರಡು ಪ್ರಮಾಣಗಳಲ್ಲಿ ಕಡಿಮೆಯದನ್ನು ಆರಿಸಿ ಕೂಡಿಸಬೇಕು. ಮೂರು ಕಂಪನಿಗಳ ಪ್ರಮಾಣ ಒಂದು ಫಂಡ್‌ನಲ್ಲಿ ಶೇ. 8, 6, 5 ಹಾಗೂ ಇನ್ನೊಂದರಲ್ಲಿ ಶೇ. 6, 7, 3 ಇದ್ದರೆ, ಪುನರಾವರ್ತನೆ 6+6+3, ಅಂದರೆ ಶೇ. 15. ಒಟ್ಟು ಮೊತ್ತ ಅರ್ಧವನ್ನು ಮೀರಿದಲ್ಲಿ ಎರಡನೆಯ ಫಂಡ್‌ನ ಅಗತ್ಯವನ್ನು ಪುನಃ ಪರಿಶೀಲಿಸಬೇಕು.

ಹಾಗೆಂದು ಅವಸರದಿಂದ ಮಾರಬಾರದು. ನಿರ್ಗಮನ ಶುಲ್ಕ, ಬಂಡವಾಳ ಲಾಭದ ತೆರಿಗೆಗಳನ್ನು ಲೆಕ್ಕಹಾಕಿದರೆ, ಮುಂದಿನ ಕಂತುಗಳನ್ನಷ್ಟೇ ಬೇರೆ ವರ್ಗಕ್ಕೆ ತಿರುಗಿಸುವುದು ಅನೇಕ ವೇಳೆ ಲೇಸೆನಿಸುತ್ತದೆ.

ಉದ್ಯಮಿಗಳು ತಮ್ಮ ಉದ್ಯಮವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ವಾಹನಗಳ ಬಿಡಿಭಾಗ ತಯಾರಿಸುವವರು ವಾಹನೋದ್ಯಮದ ಫಂಡನ್ನೇ ಕೊಂಡರೆ, ಬೇಡಿಕೆ ಕುಸಿದ ವರ್ಷ ಕಾರ್ಖಾನೆಯ ಆದಾಯವೂ ಉಳಿತಾಯದ ಮೌಲ್ಯವೂ ಒಟ್ಟಿಗೆ ಕುಗ್ಗುವ ಸಂಭವವಿದೆ. ಬ್ಯಾಂಕಿನ ಸಾಲದ ಕಂತಿಗೂ ನೌಕರರ ವೇತನಕ್ಕೂ ಆಸರೆಯಾಗಬೇಕಾದ ಹಣ ಆಗಲೇ ಕೈಕೊಡುತ್ತದೆ.